ಮನೆಯ ನೀರು ಮತ್ತು ಒಳಚರಂಡಿ ಕೊಳವೆಗಳ ಖಾತರಿ ಯೋಜನೆ

ಮನೆಯ ನೀರು ಮತ್ತು ಒಳಚರಂಡಿ ಕೊಳವೆಗಳ ಖಾತರಿ ಯೋಜನೆ ಎಂಬುದು ಸಾರ್ವಜನಿಕ ಮುಖ್ಯ ಕೊಳವೆಯಿಂದ ಮನೆಗೆ ಬರುವ ನೀರಿನ ಕೊಳವೆ ಹಾಗೂ ಮನೆಯಿಂದ ಹೊರಹೋಗುವ ಕೊಳಚೆ ನೀರಿನ ಕೊಳವೆ ಕೆಟ್ಟಾಗ, ಅದರ ದುರಸ್ತಿ ವೆಚ್ಚವನ್ನು ಭರಿಸುವ ಐಚ್ಛಿಕ ಸೇವಾ ಒಪ್ಪಂದ. ಮನೆಯ ಮಾಲೀಕರು ತಿಂಗಳಿಗೆ ಅಥವಾ ವರ್ಷಕ್ಕೆ ನಿಗದಿತ ಶುಲ್ಕ ಪಾವತಿಸುತ್ತಾರೆ. ಕೊಳವೆ ಸೋರಿದಾಗ, ಒಡೆದಾಗ ಅಥವಾ ಕಟ್ಟಿಕೊಂಡಾಗ ಒಪ್ಪಂದದ ಮಿತಿಯೊಳಗೆ ಕಂಪನಿಯು ದುರಸ್ತಿ ಮಾಡಿಸುತ್ತದೆ. ಈ ಪದ್ಧತಿಯು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಬ್ರಿಟನ್‌ಗಳಲ್ಲಿ ಬೆಳೆದಿದೆ.

ಭಾರತದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಇಂತಹ ಖಾತರಿ ಯೋಜನೆ ರೂಢಿಯಲ್ಲಿಲ್ಲ. ಆದರೆ ಅದಕ್ಕೆ ಕಾರಣವಾದ ಸಮಸ್ಯೆ ಇಲ್ಲಿಯೂ ಇದೆ: ಬೀದಿಯ ಮುಖ್ಯ ಕೊಳವೆ ನಗರಸಭೆಯದು, ಮನೆಯ ಕೊಳವೆ ಮನೆಯವರದು. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ಪಟ್ಟಣಗಳಲ್ಲಿ ಈ ಎರಡರ ನಡುವಿನ ಗಡಿ, ಅದರಾಚೆಗಿನ ಹೊಣೆ ಹಾಗೂ ಖಾತರಿಯ ಬದಲಿಗೆ ದೊರೆಯುವ ವಿಮೆ ಮತ್ತು ಕಾನೂನಿನ ರಕ್ಷಣೆಗಳನ್ನು ಈ ಲೇಖನ ವಿವರಿಸುತ್ತದೆ.

## ಪರಿಕಲ್ಪನೆ

ನೀರು ಸರಬರಾಜು ಜಾಲವನ್ನು ಎರಡು ಭಾಗಗಳಾಗಿ ನೋಡಬಹುದು. ಜಲಮೂಲ, ಶುದ್ಧೀಕರಣ ಘಟಕ, ಮೇಲ್ಮಟ್ಟದ ಜಲಸಂಗ್ರಹಾಗಾರ ಮತ್ತು ಬೀದಿಗಳಲ್ಲಿ ಹಾದುಹೋಗುವ ವಿತರಣಾ ಕೊಳವೆಗಳು ಸಾರ್ವಜನಿಕ ಭಾಗ. ವಿತರಣಾ ಕೊಳವೆಗೆ ರಂಧ್ರ ಕೊರೆದು ಜೋಡಿಸಿದ ಸಣ್ಣ ಕೊಳವೆಯು ಮನೆಯ ಮೀಟರು, ಸಂಪು ಅಥವಾ ನಲ್ಲಿಯವರೆಗೆ ಬರುತ್ತದೆ. ಇದು ಮನೆ ಸಂಪರ್ಕ. ಒಳಚರಂಡಿಯಲ್ಲಿ ಇದೇ ಕ್ರಮ ತಿರುವುಮುರುವಾಗಿರುತ್ತದೆ. ಅಡುಗೆಮನೆ, ಬಚ್ಚಲು ಮತ್ತು ಶೌಚಾಲಯಗಳ ನೀರು ಮನೆಯಂಗಳದ ಚೇಂಬರ್‌ಗೆ ಸೇರಿ, ಅಲ್ಲಿಂದ ಬೀದಿಯ ಮ್ಯಾನ್‌ಹೋಲ್‌ಗೆ ಹೋಗುತ್ತದೆ.

ಮನೆ ಸಂಪರ್ಕದ ಕೊಳವೆ ನೆಲದಡಿಯಲ್ಲಿರುವುದರಿಂದ ಅದರ ಸ್ಥಿತಿ ಕಣ್ಣಿಗೆ ಕಾಣುವುದಿಲ್ಲ. ದೋಷ ತಿಳಿಯುವ ಹೊತ್ತಿಗೆ ಅಂಗಳ, ನೆಲಹಾಸು ಅಥವಾ ರಸ್ತೆಯನ್ನು ಅಗೆಯಬೇಕಾಗುತ್ತದೆ. ಕೊಳವೆಯ ಬೆಲೆಗಿಂತ ಅಗೆಯುವ, ಮುಚ್ಚುವ ಮತ್ತು ರಸ್ತೆಯನ್ನು ಮೊದಲಿನಂತೆ ಮಾಡುವ ಖರ್ಚೇ ಹೆಚ್ಚಾಗುವುದುಂಟು. ಅಪರೂಪಕ್ಕೆ, ಆದರೆ ಒಮ್ಮೆಲೇ ಬರುವ ಈ ದೊಡ್ಡ ವೆಚ್ಚವನ್ನು ಅನೇಕ ಮನೆಗಳ ನಡುವೆ ಹಂಚುವುದೇ ಖಾತರಿ ಯೋಜನೆಯ ತತ್ತ್ವ.

## ವಿದೇಶಗಳಲ್ಲಿ ಬೆಳವಣಿಗೆ

### ಬ್ರಿಟನ್

ಇಂಗ್ಲೆಂಡಿನಲ್ಲಿ ಮುಖ್ಯ ಕೊಳವೆಯಿಂದ ಆಸ್ತಿಯ ಗಡಿಯವರೆಗಿನ ನೀರಿನ ಕೊಳವೆ ಸಾಮಾನ್ಯವಾಗಿ ನೀರು ಸರಬರಾಜು ಕಂಪನಿಯದು. ಗಡಿಯಿಂದ ಒಳಗಿನ ಕೊಳವೆ ಮಾಲೀಕರದು. ಈ ಒಳಭಾಗದ ದುರಸ್ತಿಯನ್ನು ವ್ಯಾಪಾರವಾಗಿ ಬೆಳೆಸಿದ ಹೋಮ್‌ಸರ್ವ್ ಕಂಪನಿಯು 1993ರಲ್ಲಿ ಸೌತ್ ಸ್ಟಾಫರ್ಡ್‌ಶೈರ್ ವಾಟರ್ ಕಂಪನಿಯೊಡನೆ ಜಂಟಿ ಉದ್ಯಮವಾಗಿ ಆರಂಭವಾಯಿತು.

2011ರ ಅಕ್ಟೋಬರ್ 1ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಒಂದು ಮಹತ್ವದ ಬದಲಾವಣೆಯಾಯಿತು. ಸಾರ್ವಜನಿಕ ಒಳಚರಂಡಿಗೆ ಸೇರುತ್ತಿದ್ದ ಖಾಸಗಿ ಹಂಚಿಕೆಯ ಕೊಳವೆಗಳು ಹಾಗೂ ಆಸ್ತಿಯ ಗಡಿಯಾಚೆಗಿನ ಮನೆ ಕೊಳವೆಗಳ ಹೊಣೆಯನ್ನು ಒಳಚರಂಡಿ ಕಂಪನಿಗಳಿಗೆ ವರ್ಗಾಯಿಸಲಾಯಿತು. ಇದರಿಂದ, ಅದುವರೆಗೆ ಮನೆಯವರು ಖಾತರಿ ಪಡೆದು ರಕ್ಷಿಸಿಕೊಳ್ಳುತ್ತಿದ್ದ ಕೊಳವೆಗಳ ಒಂದು ಭಾಗವು ಖಾತರಿಯ ಅಗತ್ಯವಿಲ್ಲದೆಯೇ ಸಾರ್ವಜನಿಕ ಸೇವೆಯ ಹೊಣೆಯಾಯಿತು.

### ಅಮೆರಿಕ ಸಂಯುಕ್ತ ಸಂಸ್ಥಾನ

ಅಮೆರಿಕದ ಅನೇಕ ನಗರಗಳಲ್ಲಿ ಮನೆ ಸಂಪರ್ಕದ ದೊಡ್ಡ ಭಾಗ ಮಾಲೀಕರ ಹೊಣೆಯಾಗಿದ್ದು, ಕೆಲವೆಡೆ ರಸ್ತೆಯಡಿಯ ಭಾಗವೂ ಅವರದೇ ಆಗಿರುತ್ತದೆ. ಹಳೆಯದಾಗಿ ಸವೆದ ಕೊಳವೆಯ ದುರಸ್ತಿಯನ್ನು ಸಾಮಾನ್ಯ ಗೃಹವಿಮೆ ಒಳಗೊಳ್ಳದ ಕಾರಣ ಖಾತರಿ ಕಂಪನಿಗಳಿಗೆ ಅವಕಾಶ ದೊರೆಯಿತು. ಕೆಲವು ನಗರಾಡಳಿತಗಳು ಇಂತಹ ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡು ತಮ್ಮ ಹೆಸರು ಮತ್ತು ಲಾಂಛನದ ಬಳಕೆಗೆ ಅನುಮತಿ ನೀಡುತ್ತವೆ; ಇದಕ್ಕೆ ಪ್ರತಿಯಾಗಿ ಶುಲ್ಕ ಪಡೆಯುವ ನಗರಗಳೂ ಇವೆ.

## ಒಪ್ಪಂದದ ಸಾಮಾನ್ಯ ಷರತ್ತುಗಳು

ಕಂಪನಿಯಿಂದ ಕಂಪನಿಗೆ ವಿವರಗಳು ಬೇರೆಯಾದರೂ ಇಂತಹ ಒಪ್ಪಂದಗಳಲ್ಲಿ ಈ ಅಂಶಗಳು ಸಾಮಾನ್ಯ:

* ಕಾಯುವ ಅವಧಿ: ನೋಂದಣಿಯಾದ ಕೆಲವು ವಾರಗಳವರೆಗೆ ಯಾವ ದುರಸ್ತಿಯನ್ನೂ ಕೇಳುವಂತಿಲ್ಲ. ಈಗಾಗಲೇ ಒಡೆದ ಕೊಳವೆಗೆ ಖಾತರಿ ಪಡೆಯುವುದನ್ನು ಇದು ತಡೆಯುತ್ತದೆ.
* ಗರಿಷ್ಠ ಮೊತ್ತ: ಒಂದು ದುರಸ್ತಿಗೆ ಅಥವಾ ಒಂದು ವರ್ಷಕ್ಕೆ ಮಿತಿ ಇರುತ್ತದೆ, ಹೆಚ್ಚಿನ ವೆಚ್ಚ ಮಾಲೀಕರದು.
* ಮೊದಲೇ ಇದ್ದ ದೋಷ: ಒಪ್ಪಂದಕ್ಕೆ ಮುನ್ನವೇ ಇದ್ದ ಬಿರುಕು, ತಪ್ಪು ಇಳಿಜಾರು ಅಥವಾ ಕಳಪೆ ಜೋಡಣೆಯನ್ನು ಹೊರಗಿಡಲಾಗುತ್ತದೆ.
* ನೈಸರ್ಗಿಕ ವಿಕೋಪ: ನೆರೆ, ಭೂಕುಸಿತ, ಭೂಕಂಪಗಳಿಂದಾದ ಹಾನಿಯನ್ನು ಹೆಚ್ಚಿನ ಒಪ್ಪಂದಗಳು ಒಳಗೊಳ್ಳುವುದಿಲ್ಲ.
* ಪರೋಕ್ಷ ನಷ್ಟ: ಕೊಳವೆಯನ್ನು ಸರಿಪಡಿಸಲಾಗುತ್ತದೆಯೇ ಹೊರತು ಸೋರಿಕೆಯಿಂದ ಹಾಳಾದ ಗೋಡೆ, ಪೀಠೋಪಕರಣಗಳಿಗೆ ಪರಿಹಾರವಿರುವುದಿಲ್ಲ.

ಖಾತರಿ ಮತ್ತು ವಿಮೆಗಳು ಒಂದೇ ಅಲ್ಲ. ಸವೆತದಿಂದ ಕೆಟ್ಟ ವಸ್ತುವಿನ ದುರಸ್ತಿ ಖಾತರಿಯ ಕೆಲಸ. ಅನಿರೀಕ್ಷಿತ ಘಟನೆಯಿಂದಾದ ನಷ್ಟವನ್ನು ತುಂಬಿಕೊಡುವುದು ವಿಮೆಯ ಕೆಲಸ.

## ಕಾರವಾರ ಮತ್ತು ಅಂಕೋಲಾ

### ನೀರಿನ ಮೂಲ

ಕಾರವಾರವು ಕಾಳಿ ನದಿಯ ಅಳಿವೆಯ ದಡದಲ್ಲಿದೆ. ಉಬ್ಬರದ ವೇಳೆ ಸಮುದ್ರದ ನೀರು ಅಳಿವೆಯೊಳಗೆ ಏರುವುದರಿಂದ ನಗರದ ಪಕ್ಕದಲ್ಲಿ ಹರಿಯುವ ನದಿಯ ನೀರು ಉಪ್ಪಾಗಿರುತ್ತದೆ. ನಗರಕ್ಕೆ ಕುಡಿಯುವ ನೀರು ಬರುವುದು ದಕ್ಷಿಣದ ಅಂಕೋಲಾ ತಾಲ್ಲೂಕಿನ ಗಂಗಾವಳಿ ನದಿಯಿಂದ. ಧಾರವಾಡದ ಕಡೆ ಹುಟ್ಟಿ ಬೇಡ್ತಿ ಎಂಬ ಹೆಸರಿನಲ್ಲಿ ಘಟ್ಟ ಇಳಿಯುವ ಈ ನದಿಯ ನೀರನ್ನು ಹೊನ್ನಳ್ಳಿಯಲ್ಲಿ ಎತ್ತಿ, ಅಂಕೋಲಾ ಮತ್ತು ಕಾರವಾರಗಳಿಗೆ ಕೊಳವೆಗಳ ಮೂಲಕ ಸಾಗಿಸಲಾಗುತ್ತದೆ. ಎರಡು ಪಟ್ಟಣಗಳ ನಡುವಿನ ಅಂತರ ಸುಮಾರು 35 ಕಿ.ಮೀ. ಇಷ್ಟು ದೂರದ ಜಾಲವಾದ್ದರಿಂದ ಒಂದೆಡೆ ಕೊಳವೆ ಒಡೆದರೂ ಅದರ ಮುಂದಿನ ಬಡಾವಣೆಗಳಿಗೆ ನೀರು ನಿಲ್ಲುತ್ತದೆ.

ರಾಜ್ಯದ ಪಟ್ಟಣಗಳಲ್ಲಿ ದೊಡ್ಡ ನೀರು ಮತ್ತು ಒಳಚರಂಡಿ ಕಾಮಗಾರಿಗಳನ್ನು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಕೈಗೊಳ್ಳುತ್ತದೆ. ಈ ಮಂಡಳಿಗೆ 1973ರ ಅಧಿನಿಯಮ ಆಧಾರವಾಗಿದೆ. ಪಟ್ಟಣದೊಳಗಿನ ವಿತರಣೆ, ಮನೆ ಸಂಪರ್ಕ ಮತ್ತು ನೀರಿನ ಕರ ವಸೂಲಿ ಕಾರವಾರದಲ್ಲಿ ನಗರಸಭೆಯ ಹಾಗೂ ಅಂಕೋಲಾದಲ್ಲಿ ಪುರಸಭೆಯ ಕೆಲಸ. ಇವೆರಡೂ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ಕಾರ್ಯನಿರ್ವಹಿಸುತ್ತವೆ.

ಏಷ್ಯನ್ ಅಭಿವೃದ್ಧಿ ಬ್ಯಾಂಕ್ 1999ರಲ್ಲಿ ಸಾಲ ಮಂಜೂರು ಮಾಡಿದ ಕರ್ನಾಟಕ ನಗರಾಭಿವೃದ್ಧಿ ಮತ್ತು ಕರಾವಳಿ ಪರಿಸರ ನಿರ್ವಹಣಾ ಯೋಜನೆಯಲ್ಲಿ ಕರಾವಳಿ ಮತ್ತು ಮಲೆನಾಡಿನ 10 ಪಟ್ಟಣಗಳಿದ್ದವು. ಉತ್ತರ ಕನ್ನಡದಿಂದ ಕಾರವಾರ, ಅಂಕೋಲಾ, ಭಟ್ಕಳ, ಶಿರಸಿ ಮತ್ತು ದಾಂಡೇಲಿ ಇದರಲ್ಲಿ ಸೇರಿದ್ದವು. ಯೋಜನೆಯ ಹಣ ಸಾರ್ವಜನಿಕ ಜಾಲಕ್ಕೆ ಸಂಬಂಧಿಸಿದ್ದು. ಮನೆಯಂಗಳದೊಳಗಿನ ಕೊಳವೆಗಳ ಮುಂದಿನ ನಿರ್ವಹಣೆ ಮನೆಯವರಿಗೇ ಉಳಿಯಿತು.

### ಮನೆ ಸಂಪರ್ಕದ ಹೊಣೆ

ಹೊಸ ನಲ್ಲಿ ಸಂಪರ್ಕಕ್ಕೆ ಮಾಲೀಕರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ, ಠೇವಣಿ ಮತ್ತು ಸಂಪರ್ಕ ಶುಲ್ಕ ಕಟ್ಟಬೇಕು. ರಸ್ತೆ ಅಗೆಯಬೇಕಾದಲ್ಲಿ ಅದಕ್ಕೆ ಬೇರೆ ಶುಲ್ಕವಿದೆ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಇದಕ್ಕಾಗಿ ‘ಜಲನಿಧಿ’ ತಂತ್ರಾಂಶ ಬಳಕೆಯಲ್ಲಿದೆ. ಕೊಳವೆ ಹಾಕುವ ಕೆಲಸವನ್ನು ಪರವಾನಗಿ ಇರುವ ಪ್ಲಂಬರ್ ಮೂಲಕ ಮಾಲೀಕರ ಖರ್ಚಿನಲ್ಲಿ ಮಾಡಿಸುವುದು ವಾಡಿಕೆ.

ಮುಖ್ಯ ಕೊಳವೆಯ ಸೋರಿಕೆಯನ್ನು ಸ್ಥಳೀಯ ಸಂಸ್ಥೆ ಸರಿಪಡಿಸುತ್ತದೆ. ಮನೆ ಸಂಪರ್ಕದ ಸೋರಿಕೆಯ ಖರ್ಚು ಸಾಮಾನ್ಯವಾಗಿ ಸಂಪರ್ಕ ಪಡೆದವರ ಮೇಲೆ ಬೀಳುತ್ತದೆ. ಮೀಟರ್ ಇದ್ದಲ್ಲಿ ಮನೆಯೊಳಗಿನ ಎಲ್ಲ ನಲ್ಲಿಗಳನ್ನು ಮುಚ್ಚಿದ ಮೇಲೂ ಮೀಟರ್ ತಿರುಗುತ್ತಿದ್ದರೆ ಸೋರಿಕೆ ಮೀಟರಿನಿಂದ ಈಚೆಗಿದೆ ಎಂದರ್ಥ. ಮೀಟರ್ ನಿಂತಿದ್ದು ಅಂಗಳ ಅಥವಾ ರಸ್ತೆಯಂಚು ಒದ್ದೆಯಾಗಿದ್ದರೆ ದೋಷ ಅದರಾಚೆಗಿರುವ ಸಾಧ್ಯತೆ ಹೆಚ್ಚು. ಮೀಟರ್ ಇಲ್ಲದ ಮನೆಗಳಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲದ್ದರಿಂದ ಹೊಣೆಯನ್ನು ತೀರ್ಮಾನಿಸುವುದು ಕಷ್ಟ. ಸಾರ್ವಜನಿಕ ಭಾಗದ ದೂರುಗಳನ್ನು ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ಅಥವಾ ಪೌರಾಡಳಿತ ನಿರ್ದೇಶನಾಲಯದ ‘ಜನಹಿತ’ ವ್ಯವಸ್ಥೆಯ ಮೂಲಕ ದಾಖಲಿಸಬಹುದು.

ಪಟ್ಟಣದ ಹೊರಗಿನ ಹಳ್ಳಿಗಳಲ್ಲಿ ವಿತರಣೆಯ ಹೊಣೆ ಗ್ರಾಮ ಪಂಚಾಯಿತಿಯದು. 2019ರಲ್ಲಿ ಪ್ರಾರಂಭವಾದ ಜಲಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಯ ಮನೆಗಳಿಗೆ ನಲ್ಲಿ ಸಂಪರ್ಕ ನೀಡಲಾಗುತ್ತಿದ್ದು, ವಾಲ್ವ್ ತೆರೆದು ಮುಚ್ಚುವ ದಿನನಿತ್ಯದ ಕೆಲಸವನ್ನು ನೀರುಗಂಟಿಗಳು ನಿರ್ವಹಿಸುತ್ತಾರೆ.

### ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್

ಕಾರವಾರದ ಕೆಲವು ಭಾಗಗಳಲ್ಲಿ ಒಳಚರಂಡಿ ಜಾಲವಿದೆ. ಉಳಿದ ಭಾಗಗಳಲ್ಲಿ ಹಾಗೂ ಅಂಕೋಲಾದಲ್ಲಿ ಮನೆಗಳು ಹೆಚ್ಚಾಗಿ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿಗಳನ್ನು ಅವಲಂಬಿಸಿವೆ. ಇಂತಹ ಮನೆಗಳಿಗೆ ಸಾರ್ವಜನಿಕ ಗಡಿ ಎಂಬುದೇ ಇಲ್ಲ. ಶೌಚಾಲಯದಿಂದ ಇಂಗುಗುಂಡಿಯವರೆಗಿನ ಇಡೀ ವ್ಯವಸ್ಥೆ ಮಾಲೀಕರದು.

ಕರಾವಳಿಯ ಮನೆಗಳಲ್ಲಿ ತೆರೆದ ಬಾವಿ ಸಾಮಾನ್ಯ. ಮರಳು ನೆಲದಲ್ಲಿ ಮತ್ತು ರಂಧ್ರಗಳಿರುವ ಚಿರೆಕಲ್ಲಿನ ನೆಲದಲ್ಲಿ ಕೊಳಚೆ ನೀರು ಬೇಗನೆ ಹರಿದು ಬಾವಿಯನ್ನು ಸೇರಬಹುದು. ಸೆಪ್ಟಿಕ್ ಟ್ಯಾಂಕ್‌ಗಳ ಕುರಿತ ಭಾರತೀಯ ಮಾನಕ 2470ರ ಪ್ರಕಾರ ಟ್ಯಾಂಕಿನ ನೀರನ್ನು ನೆಲಕ್ಕೆ ಇಂಗಿಸುವ ವ್ಯವಸ್ಥೆಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀ. ದೂರವಿರಬೇಕು. ಚಿಕ್ಕ ನಿವೇಶನಗಳಲ್ಲಿ ತಮ್ಮ ಗುಂಡಿಗೂ ನೆರೆಮನೆಯ ಬಾವಿಗೂ ಇಷ್ಟು ಅಂತರ ಉಳಿಸುವುದು ಸುಲಭವಲ್ಲ. ಆದ್ದರಿಂದ ಒಂದು ಮನೆಯ ಒಡೆದ ಕೊಳವೆ ಅಥವಾ ತುಂಬಿದ ಗುಂಡಿಯು ನೆರೆಯವರ ಆರೋಗ್ಯದ ಪ್ರಶ್ನೆಯೂ ಆಗುತ್ತದೆ.

### ಹಾನಿಯ ಕಾರಣಗಳು

ಈ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಇಂಗುಗುಂಡಿಗಳು ನೀರನ್ನು ಹೀರಿಕೊಳ್ಳುವುದಿಲ್ಲ. ಕೊಳಚೆ ನೀರು ಹಿಮ್ಮುಖವಾಗಿ ಚೇಂಬರ್‌ನಲ್ಲಿ ತುಂಬುತ್ತದೆ. ಚಾವಣಿಯ ಮಳೆನೀರನ್ನು ಒಳಚರಂಡಿಗೆ ಬಿಟ್ಟಾಗಲೂ ಮ್ಯಾನ್‌ಹೋಲ್‌ಗಳು ಉಕ್ಕುತ್ತವೆ. ಉಪ್ಪಿನಂಶದ ಗಾಳಿ ಮತ್ತು ನೆಲದಲ್ಲಿ ಸತು ಲೇಪಿತ ಕಬ್ಬಿಣದ ಕೊಳವೆಗಳು ಬೇಗ ತುಕ್ಕು ಹಿಡಿಯುತ್ತವೆ. ಮರದ ಬೇರು ಹಳೆಯ ಜೋಡಣೆಗಳ ಬಿರುಕಿನೊಳಗೆ ಸೇರಿ ಹರಿವನ್ನು ತಡೆಯುತ್ತದೆ. ರಸ್ತೆ ಅಗಲೀಕರಣ ಮತ್ತು ಕೇಬಲ್ ಅಳವಡಿಕೆಗಾಗಿ ಅಗೆಯುವಾಗ ಕೊಳವೆ ಒಡೆಯುವುದೂ ಉಂಟು. ಅಂತಹ ಸಂದರ್ಭದಲ್ಲಿ ಹಾನಿ ಮಾಡಿದವರಿಂದ ಪರಿಹಾರ ಕೇಳಬಹುದಾದ್ದರಿಂದ ಹೊಸದಾಗಿ ಅಗೆದ ಜಾಗದ ಛಾಯಾಚಿತ್ರ ಉಪಯುಕ್ತ ಸಾಕ್ಷ್ಯವಾಗುತ್ತದೆ.

ದಿನದ ಕೆಲವು ಗಂಟೆ ಮಾತ್ರ ನೀರು ಬಿಡುವ ಜಾಲದಲ್ಲಿ ಸೋರಿಕೆಯು ಇನ್ನೊಂದು ಅಪಾಯವನ್ನು ತರುತ್ತದೆ. ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿದು, ಬಿರುಕಿನ ಮೂಲಕ ಸುತ್ತಲಿನ ಕೊಳಚೆ ಒಳಗೆ ಸೇರಬಹುದು. ಮತ್ತೆ ನೀರು ಬಂದಾಗ ಅದೇ ಕೊಳಚೆ ನಲ್ಲಿಗೆ ತಲುಪುತ್ತದೆ. ಕಾಮಾಲೆ, ವಿಷಮಶೀತ ಜ್ವರ ಮತ್ತು ವಾಂತಿಭೇದಿ ಹೀಗೆ ಹರಡಬಲ್ಲ ರೋಗಗಳು.

## ಭಾರತದಲ್ಲಿರುವ ಪರ್ಯಾಯ ರಕ್ಷಣೆಗಳು

### ಗೃಹವಿಮೆ

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ನಿರ್ದೇಶನದಂತೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಗೃಹವಿಮಾ ಪಾಲಿಸಿ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಚಂಡಮಾರುತ, ನೆರೆ, ಭೂಕುಸಿತ ಮುಂತಾದವುಗಳೊಂದಿಗೆ ನೀರಿನ ತೊಟ್ಟಿ, ಉಪಕರಣ ಮತ್ತು ಕೊಳವೆಗಳು ಒಡೆಯುವುದು ಅಥವಾ ಉಕ್ಕಿ ಹರಿಯುವುದು ಇದರ ಅಪಾಯಗಳ ಪಟ್ಟಿಯಲ್ಲಿದೆ. ಕಟ್ಟಡದ ವಿಮೆ ಪಡೆದರೆ ಅದರ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನ್ಯ ವಸ್ತುಗಳಿಗೂ ರಕ್ಷಣೆ ದೊರೆಯುತ್ತದೆ.

ಈ ಪಾಲಿಸಿ ಖಾತರಿಯ ಸ್ಥಾನವನ್ನು ಪೂರ್ತಿಯಾಗಿ ತುಂಬುವುದಿಲ್ಲ. ಒಡೆದ ಕೊಳವೆಯ ನೀರಿನಿಂದ ಮನೆಗಾದ ಹಾನಿ ಇದರ ವ್ಯಾಪ್ತಿಗೆ ಬರಬಹುದು. ಆದರೆ ತುಕ್ಕು, ಸವೆತ ಅಥವಾ ಕಟ್ಟಿಕೊಳ್ಳುವಿಕೆ ತನ್ನಷ್ಟಕ್ಕೆ ಪಟ್ಟಿಯಲ್ಲಿರುವ ಅಪಾಯವಲ್ಲ. ಭೂಕುಸಿತ ಒಳಗೊಂಡಿದ್ದರೂ ಕಡಲ್ಕೊರೆತ ಮತ್ತು ನದಿಕೊರೆತ, ತುಂಬಿದ ಮಣ್ಣಿನ ನೆಲ ಕುಸಿಯುವುದು ಹಾಗೂ ದೋಷಯುಕ್ತ ವಿನ್ಯಾಸ ಅಥವಾ ಕಾಮಗಾರಿಯಿಂದಾದ ಕುಸಿತವನ್ನು ಹೊರಗಿಡಲಾಗಿದೆ. ಈ ವ್ಯತ್ಯಾಸ ಇಲ್ಲಿ ಮುಖ್ಯ. ಕಾರವಾರ ತಾಲ್ಲೂಕಿನ ಕಡವಾಡದಲ್ಲಿ 2009ರ ಅಕ್ಟೋಬರ್‌ನಲ್ಲಿ ಹಾಗೂ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಪ್ರಾಣಹಾನಿಯುಂಟುಮಾಡಿದ ಭೂಕುಸಿತಗಳು ಸಂಭವಿಸಿವೆ. ಕಡಲತೀರದ ಮತ್ತು ಅಳಿವೆಯಂಚಿನ ಊರುಗಳಲ್ಲಿ ಕೊರೆತವೂ ಇದೆ.

### ಕಟ್ಟಡ ನಿರ್ಮಾಪಕರ ಹೊಣೆ

ಖಾತರಿಗೆ ಅತ್ಯಂತ ಸಮೀಪದ ಕಾನೂನು ರಕ್ಷಣೆ ಇರುವುದು 2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, ಅಂದರೆ ರೇರಾ ಕಾಯ್ದೆಯಲ್ಲಿ. ಇದರ 14ನೆಯ ಪ್ರಕರಣದ ಪ್ರಕಾರ ಸ್ವಾಧೀನ ನೀಡಿದ ದಿನದಿಂದ 5 ವರ್ಷದೊಳಗೆ ರಚನೆ, ಕಾಮಗಾರಿ, ಗುಣಮಟ್ಟ ಅಥವಾ ಸೇವೆಗಳ ಒದಗಿಸುವಿಕೆಯಲ್ಲಿ ದೋಷ ಕಂಡು ಬಂದು ತಿಳಿಸಿದರೆ, ನಿರ್ಮಾಪಕರು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ತಪ್ಪು ಇಳಿಜಾರಿನ ಒಳಚರಂಡಿ ಕೊಳವೆಯಂತಹ ದೋಷಕ್ಕೆ ಇದನ್ನು ಬಳಸಬಹುದು.

500 ಚ.ಮೀ. ಮೀರದ ಜಾಗದ ಅಥವಾ 8ಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗಳಿಗೆ ನೋಂದಣಿ ಕಡ್ಡಾಯವಲ್ಲ. ತಮ್ಮದೇ ನಿವೇಶನದಲ್ಲಿ ಗುತ್ತಿಗೆದಾರರಿಂದ ಒಂಟಿ ಮನೆ ಕಟ್ಟಿಸಿಕೊಳ್ಳುವವರಿಗೂ ಈ ರಕ್ಷಣೆ ಅನ್ವಯಿಸದು. ಅಂತಹವರಿಗೆ ಗುತ್ತಿಗೆದಾರರೊಡನೆ ಮಾಡಿಕೊಂಡ ಲಿಖಿತ ಕರಾರಿನ ದೋಷ ದುರಸ್ತಿ ಅವಧಿಯೇ ಆಧಾರ.

### ಗ್ರಾಹಕ ಸಂರಕ್ಷಣೆ

ಹಣ ಪಡೆದು ಕಳಪೆ ಕೆಲಸ ಮಾಡಿದ ಪ್ಲಂಬರ್ ಅಥವಾ ಗುತ್ತಿಗೆದಾರರ ವಿರುದ್ಧ ಹಾಗೂ ದೋಷಯುಕ್ತ ಕೊಳವೆ ಮಾರಿದವರ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಇದಕ್ಕೆ ರಸೀದಿ ಮತ್ತು ಬಿಲ್ಲುಗಳು ಅಗತ್ಯ. ಕೊಳವೆ ತಯಾರಕರು ನೀಡುವ ಖಾತರಿಯು ಸಾಮಾನ್ಯವಾಗಿ ವಸ್ತುವಿನ ದೋಷಕ್ಕಷ್ಟೇ ಸೀಮಿತ. ಜೋಡಣೆಯ ತಪ್ಪನ್ನು ಅದು ಒಳಗೊಳ್ಳುವುದಿಲ್ಲ.

### ಸಾರ್ವಜನಿಕ ಹೊಣೆಯ ವಿಸ್ತರಣೆ

ಇನ್ನೊಂದು ಮಾರ್ಗವೆಂದರೆ ಮನೆ ಸಂಪರ್ಕವನ್ನೇ ಸಾರ್ವಜನಿಕ ಜಾಲದ ಭಾಗವಾಗಿ ಪರಿಗಣಿಸುವುದು. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಲಯಗಳಿಗೆ 24 ಗಂಟೆಯೂ ನೀರು ಕೊಡುವಾಗ, ಬೀದಿಯ ಕೊಳವೆಗಳೊಂದಿಗೆ ಮನೆ ಸಂಪರ್ಕಗಳನ್ನೂ ಹೊಸದಾಗಿ ಹಾಕಿ ಮೀಟರ್ ಅಳವಡಿಸಲಾಯಿತು. ಹಳೆಯ ಸಂಪರ್ಕಗಳನ್ನು ಹಾಗೆಯೇ ಬಿಟ್ಟರೆ ಸತತ ಒತ್ತಡದಲ್ಲಿ ಅವುಗಳ ಸೋರಿಕೆಯೂ ಸತತವಾಗುತ್ತದೆ ಎಂಬುದು ಇದರ ಹಿಂದಿನ ತಾಂತ್ರಿಕ ಕಾರಣ.

## ಗುಂಡಿ ಸ್ವಚ್ಛತೆ ಮತ್ತು ಮಾಲೀಕರ ಕಾನೂನು ಹೊಣೆ

ಸೆಪ್ಟಿಕ್ ಟ್ಯಾಂಕನ್ನು 2–3 ವರ್ಷಗಳಿಗೊಮ್ಮೆ ಸಕ್ಕಿಂಗ್ ಯಂತ್ರದಿಂದ ಖಾಲಿ ಮಾಡಿಸುವಂತೆ ಶಿಫಾರಸು ಮಾಡಲಾಗುತ್ತದೆ. ಟ್ಯಾಂಕಿನೊಳಗೆ ಸೇರುವ ಹೈಡ್ರೋಜನ್ ಸಲ್ಫೈಡ್ ಅನಿಲ ಮತ್ತು ಆಮ್ಲಜನಕದ ಕೊರತೆಯಿಂದ ಒಳಗಿಳಿದವರು ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿ ಸಾಯಬಹುದು.

2013ರ ಮಲ ಹೊರುವ ವೃತ್ತಿಗೆ ನೇಮಕಾತಿ ನಿಷೇಧ ಮತ್ತು ಪುನರ್ವಸತಿ ಅಧಿನಿಯಮದ 7ನೆಯ ಪ್ರಕರಣವು ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ ನೇರವಾಗಿ ಅಥವಾ ಪರೋಕ್ಷವಾಗಿ ನೇಮಿಸುವುದನ್ನು ನಿಷೇಧಿಸುತ್ತದೆ. ಈ ನಿಷೇಧ ಸ್ಥಳೀಯ ಸಂಸ್ಥೆಗಳಿಗೆ ಮಾತ್ರವಲ್ಲದೆ ಮನೆಯ ಮಾಲೀಕರಿಗೂ ಅನ್ವಯಿಸುತ್ತದೆ. ಮೊದಲ ಅಪರಾಧಕ್ಕೆ 2 ವರ್ಷದವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮರುಕಳಿಸಿದರೆ ಇದು 5 ವರ್ಷ ಮತ್ತು 5 ಲಕ್ಷಕ್ಕೆ ಏರುತ್ತದೆ. ಒಳಚರಂಡಿ ಸಾವುಗಳಿಗೆ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಹೆಚ್ಚಿಸುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 20ರಂದು ಬಲರಾಮ್ ಸಿಂಗ್ ಪ್ರಕರಣದಲ್ಲಿ ಆದೇಶಿಸಿತು. ಕಟ್ಟಿಕೊಂಡ ಕೊಳವೆಯನ್ನು ಕಡಿಮೆ ಖರ್ಚಿನಲ್ಲಿ ತೆರವುಗೊಳಿಸಲು ಮನುಷ್ಯರನ್ನು ಇಳಿಸುವ ಹೊಣೆಯಿಂದ ಯಾವ ಖಾತರಿಯೂ ವಿಮೆಯೂ ಮಾಲೀಕರನ್ನು ಪಾರು ಮಾಡಲಾರದು.

## ಟೀಕೆಗಳು

ಖಾತರಿ ಯೋಜನೆಗಳ ವಿರುದ್ಧದ ಮುಖ್ಯ ಟೀಕೆ ಅವುಗಳ ಮಾರಾಟದ ರೀತಿಗೆ ಸಂಬಂಧಿಸಿದೆ. ನಗರಾಡಳಿತದ ಲಾಂಛನವಿರುವ ಪತ್ರಗಳನ್ನು ಕಂಡ ಜನರು ನೋಂದಣಿ ಕಡ್ಡಾಯವೆಂದು ಭಾವಿಸುತ್ತಾರೆ ಎಂಬ ಆಕ್ಷೇಪ ಅಮೆರಿಕದಲ್ಲಿ ಕೇಳಿಬಂದಿದೆ. ಬ್ರಿಟನ್ನಿನ ಹಣಕಾಸು ನಿಯಂತ್ರಣ ಪ್ರಾಧಿಕಾರವು ತಪ್ಪು ಮಾರಾಟ ಮತ್ತು ದೂರುಗಳ ಅಸಮರ್ಪಕ ನಿರ್ವಹಣೆಗಾಗಿ ಹೋಮ್‌ಸರ್ವ್ ಕಂಪನಿಗೆ 2014ರ ಫೆಬ್ರವರಿಯಲ್ಲಿ 3 ಕೋಟಿ ಪೌಂಡ್‌ಗೂ ಹೆಚ್ಚಿನ ದಂಡ ವಿಧಿಸಿತು.

ಎರಡನೆಯ ಟೀಕೆ ತಾತ್ತ್ವಿಕವಾದುದು. ನೆಲದಡಿಯ ಜಾಲ ಒಂದೇ ಆಗಿರುವಾಗ ಅದರ ಒಂದು ತುದಿಯನ್ನು ಖಾಸಗಿ ಆಸ್ತಿಯೆಂದು ಬೇರ್ಪಡಿಸಿದರೆ, ದುರಸ್ತಿಗೆ ಹಣವಿಲ್ಲದ ಮನೆಯ ಸೋರಿಕೆ ಹಾಗೆಯೇ ಉಳಿದು ಇಡೀ ಬೀದಿಯ ನೀರು ಕೆಡುತ್ತದೆ. ಶುಲ್ಕ ಕಟ್ಟಬಲ್ಲವರಿಗೆ ಮಾತ್ರ ದೊರೆಯುವ ಐಚ್ಛಿಕ ಖಾತರಿ ಈ ದೋಷವನ್ನು ನಿವಾರಿಸುವುದಿಲ್ಲ. ಇಂಗ್ಲೆಂಡಿನ 2011ರ ವರ್ಗಾವಣೆ ಮತ್ತು ಕರ್ನಾಟಕದ 24 ಗಂಟೆ ನೀರಿನ ವಲಯಗಳು ಈ ಗಡಿಯನ್ನೇ ಸರಿಸಿದ ಉದಾಹರಣೆಗಳು.

## ಇವನ್ನೂ ನೋಡಿ

* ಕಾರವಾರ
* ಅಂಕೋಲಾ
* ಗಂಗಾವಳಿ ನದಿ
* ಸೆಪ್ಟಿಕ್ ಟ್ಯಾಂಕ್
* ಜಲಜೀವನ್ ಮಿಷನ್
* ಗೃಹವಿಮೆ